ಮನೆಯೊಳಗೆ ಕಡಲು ತಂದ ಫಿಲಿಪ್ ಗಾಸ್

ಉಪ್ಪುನೀರು ತುಂಬಿದ ಗಾಜಿನ ತೊಟ್ಟಿ. ಅದರ ನಡುವೆ ಒರಟು ಬಂಡೆಗಳು, ಬಂಡೆಗಳ ಮೇಲೆ ಅರಳುವ ಹವಳ, ಸಂದುಗಳಲ್ಲಿ ಸುಳಿದಾಡುವ ಬಣ್ಣದ ಮೀನು. ಜಗತ್ತಿನ ಅನೇಕ ನಗರಗಳ ಮನೆಗಳಲ್ಲಿ ಇಂದು ಇಂಥ ಪುಟ್ಟ ಕಡಲುಗಳಿವೆ. ಅವುಗಳಲ್ಲಿ ಕೆಲವಕ್ಕೆ ನೀರು ಸೋಸುವ ದೊಡ್ಡ ಯಂತ್ರಗಳ ಹಂಗಿಲ್ಲ. ಕಡಲಿನಿಂದ ಬಂದ ಜೀವಂತ ಬಂಡೆ, ಮರಳು, ಕಡಲಕಳೆ ಮತ್ತು ಕಣ್ಣಿಗೆ ಕಾಣದ ಸೂಕ್ಷ್ಮಾಣುಗಳೇ ಅಲ್ಲಿ ನೀರನ್ನು ಶುದ್ಧವಾಗಿಡುತ್ತವೆ.

ಈ ಹವ್ಯಾಸದ ಬೇರನ್ನು ಹುಡುಕುತ್ತಾ ಹೊರಟರೆ 19ನೇ ಶತಮಾನದ ಇಂಗ್ಲೆಂಡಿನ ಒಬ್ಬ ವಿಲಕ್ಷಣ ನಿಸರ್ಗ ವಿಜ್ಞಾನಿ ಎದುರಾಗುತ್ತಾರೆ. ಗುಮಾಸ್ತ, ರೈತ, ಶಾಲಾ ಶಿಕ್ಷಕ, ಚಿತ್ರಕಾರ, ಲೇಖಕ, ಧರ್ಮಬೋಧಕ ಹೀಗೆ ಹಲವು ಪಾತ್ರಗಳನ್ನು ನಿರ್ವಹಿಸಿದ ಫಿಲಿಪ್ ಹೆನ್ರಿ ಗಾಸ್ ಅವರು. ಕಡಲನ್ನು ಮನೆಯೊಳಗೆ ಬದುಕಿಸುವ ಬಗೆಯನ್ನು ಜನಸಾಮಾನ್ಯರಿಗೆ ಕಲಿಸಿಕೊಟ್ಟವರು ಅವರೇ. ಆದರೆ ಅವರ ಯಶಸ್ಸೇ ಅವರು ಪ್ರಾಣದಂತೆ ಪ್ರೀತಿಸಿದ ಕರಾವಳಿಗೆ ಮುಳುವಾಯಿತು ಎಂಬುದು ಅವರ ಬದುಕಿನ ದೊಡ್ಡ ವಿಪರ್ಯಾಸ.

ಬಂದರಿನಲ್ಲಿ ಬೆಳೆದ ಬಾಲಕ

ಗಾಸ್ ಹುಟ್ಟಿದ್ದು 1810ರ ಏಪ್ರಿಲ್ 6ರಂದು, ಇಂಗ್ಲೆಂಡಿನ ವೂಸ್ಟರ್ ಪಟ್ಟಣದಲ್ಲಿ. ತಂದೆ ಥಾಮಸ್ ಗಾಸ್ ಊರಿಂದೂರಿಗೆ ಅಲೆಯುತ್ತಾ ಕಿರುಭಾವಚಿತ್ರಗಳನ್ನು ಬರೆದು ಜೀವನ ಸಾಗಿಸುತ್ತಿದ್ದ ಕಲಾವಿದ. ಸಂಪಾದನೆ ಅಷ್ಟಕ್ಕಷ್ಟೆ. ಕುಟುಂಬ ಡಾರ್ಸೆಟ್ ಪ್ರಾಂತ್ಯದ ಪೂಲ್ ಎಂಬ ಬಂದರು ಪಟ್ಟಣದಲ್ಲಿ ನೆಲೆಯೂರಿತು. ತಂದೆಯಿಂದ ಸೂಕ್ಷ್ಮ ಚಿತ್ರಗಳನ್ನು ಬರೆಯುವ ಕೈಚಳಕ ಮಗನಿಗೆ ದಕ್ಕಿತು. ಕಡಲ ಜೀವಿಗಳ ಮೋಹ ಹತ್ತಿಸಿದವರು ಮಾತ್ರ ಸೋದರತ್ತೆ ಸೂಸನ್ ಬೆಲ್. ಬಂಡೆಗಳಿಗೆ ಅಂಟಿಕೊಂಡು ಹೂವಿನಂತೆ ಅರಳುವ ಸಮುದ್ರ ಎನಿಮೋನ್‌ಗಳ ಹೆಸರನ್ನು ಹೇಳಿಕೊಟ್ಟು, ಅವನ್ನು ಕಡಲನೀರಿನ ಪಾತ್ರೆಯಲ್ಲಿಟ್ಟು ನೋಡುವಂತೆ ಬಾಲಕನಿಗೆ ಸೂಚಿಸಿದವರು ಆಕೆ. ಆಕೆಯ ಮಗ ಥಾಮಸ್ ಬೆಲ್ ಮುಂದೆ ಹೆಸರಾಂತ ಪ್ರಾಣಿಶಾಸ್ತ್ರಜ್ಞರಾಗಿ, ಗಾಸ್ ಅವರ ಮೊದಲ ಪುಸ್ತಕ ಬೆಳಕು ಕಾಣಲು ನೆರವಾದರು.

ಕಾಲೇಜು ಶಿಕ್ಷಣಕ್ಕೆ ಮನೆಯಲ್ಲಿ ಅನುಕೂಲವಿರಲಿಲ್ಲ. 1827ರಲ್ಲಿ, ಹದಿನೇಳರ ಹರೆಯದಲ್ಲಿ, ವರ್ತಕ ಸಂಸ್ಥೆಯೊಂದರ ಗುಮಾಸ್ತನಾಗಿ ಅಟ್ಲಾಂಟಿಕ್ ದಾಟಿ ನ್ಯೂಫೌಂಡ್‌ಲ್ಯಾಂಡಿಗೆ ಹೋದರು. ಅಲ್ಲಿ ಕಳೆದದ್ದು ಎಂಟು ವರ್ಷ. 1832ರಲ್ಲಿ ಸೂಕ್ಷ್ಮದರ್ಶಕದ ಕುರಿತ ಹಳೆಯ ಪುಸ್ತಕವೊಂದನ್ನು ಕೊಂಡರು. ಅದು ಅವರ ಬದುಕಿನ ದಿಕ್ಕನ್ನೇ ಬದಲಿಸಿತು. ಹಗಲಿನಲ್ಲಿ ಲೆಕ್ಕಪತ್ರ, ಬಿಡುವಿನಲ್ಲಿ ಕೀಟಗಳ ಸಂಗ್ರಹ ಮತ್ತು ಚಿತ್ರರಚನೆ ದಿನಚರಿಯಾಯಿತು. ಗಾಢ ಕ್ರೈಸ್ತ ಶ್ರದ್ಧೆಯೂ ಅದೇ ವರ್ಷ ಅವರಲ್ಲಿ ಬೇರೂರಿತು. ನಿಸರ್ಗ ಮತ್ತು ದೇವರು, ಈ ಎರಡನ್ನೂ ಅವರು ಕೊನೆಯವರೆಗೆ ಬೇರ್ಪಡಿಸಿ ನೋಡಲಿಲ್ಲ.

1835ರಲ್ಲಿ ಕೆನಡಾದಲ್ಲಿ ಜಮೀನು ಹಿಡಿದು ಬೇಸಾಯಕ್ಕಿಳಿದರು. ಬೇಸಾಯ ಕೈಹಿಡಿಯಲಿಲ್ಲ. 1838ರಲ್ಲಿ ಅಮೆರಿಕದ ಅಲಬಾಮಕ್ಕೆ ಹೋಗಿ ತೋಟದ ಮಾಲೀಕರ ಮಕ್ಕಳಿಗೆ ಪಾಠ ಹೇಳಿದರು. ಅಲ್ಲಿನ ಚಿಟ್ಟೆಗಳು ಅವರನ್ನು ಸೆಳೆದರೆ, ಗುಲಾಮಗಿರಿಯ ಕ್ರೌರ್ಯ ಜುಗುಪ್ಸೆ ಹುಟ್ಟಿಸಿತು. ಮರುವರ್ಷ ಬರಿಗೈಯಲ್ಲಿ ತಾಯ್ನಾಡಿಗೆ ಮರಳಿದರು. ಕೆನಡಾದ ಅನುಭವಗಳನ್ನಾಧರಿಸಿದ ಮೊದಲ ಪುಸ್ತಕ 1840ರಲ್ಲಿ ಪ್ರಕಟವಾಯಿತು. 1844ರಿಂದ 1846ರವರೆಗೆ ಜಮೈಕಾದಲ್ಲಿದ್ದು ಅಲ್ಲಿನ ಹಕ್ಕಿಗಳನ್ನು ಅಧ್ಯಯನ ಮಾಡಿದರು. ಅದರ ಫಲವಾಗಿ ಬಂದ ಗ್ರಂಥ ಅವರಿಗೆ ವಿದ್ವಾಂಸರ ನಡುವೆ ಸ್ಥಾನ ದೊರಕಿಸಿತು.

1848ರಲ್ಲಿ ಎಮಿಲಿ ಬೋಸ್ ಅವರ ಕೈಹಿಡಿದರು. ಆಕೆ ಕೂಡ ಧಾರ್ಮಿಕ ಬರವಣಿಗೆಯಲ್ಲಿ ಹೆಸರಾದವರು. 1849ರ ಸೆಪ್ಟೆಂಬರಿನಲ್ಲಿ ಮಗ ಎಡ್ಮಂಡ್ ಹುಟ್ಟಿದ. ಅಂದಿನ ದಿನಚರಿಯಲ್ಲಿ ಗಾಸ್ ಮಗ ಹುಟ್ಟಿದ ಸಂಗತಿಯನ್ನೂ, ಜಮೈಕಾದಿಂದ ಹಸಿರು ಕವಲುತೋಕೆಯ ಹಕ್ಕಿಯೊಂದು ತಲುಪಿದ ಸಂಗತಿಯನ್ನೂ ಒಟ್ಟೊಟ್ಟಿಗೆ ಬರೆದಿಟ್ಟರು. ಮನುಷ್ಯ ಎಂಥವರೆಂಬುದಕ್ಕೆ ಈ ಒಂದು ನಿದರ್ಶನ ಸಾಕು.

ಉಸಿರಿನ ಕೊಡುಕೊಳ್ಳುವಿಕೆ

ಅತಿಯಾದ ದುಡಿಮೆಯಿಂದ ಆರೋಗ್ಯ ಕೆಟ್ಟಾಗ, 1852ರ ಆರಂಭದಲ್ಲಿ ಗಾಸ್ ಕುಟುಂಬ ಸಮೇತ ಲಂಡನ್ ಬಿಟ್ಟು ಡೆವನ್ ಕರಾವಳಿಗೆ ಬಂದರು. ಇಳಿತದ ವೇಳೆ ಬಂಡೆಗಳ ನಡುವೆ ನೀರು ನಿಂತ ಹೊಂಡಗಳೇ ಅವರ ಪ್ರಯೋಗಶಾಲೆಯಾದವು. ಎನಿಮೋನ್, ನಕ್ಷತ್ರಮೀನು, ಸೀಗಡಿ, ಬಟ್ಟಲಿನಾಕಾರದ ಒಂಟಿ ಹವಳ ಎಲ್ಲವೂ ಅಲ್ಲಿದ್ದವು. ಕುತೂಹಲಕ್ಕೆ ಮಿತಿಯೇ ಇರಲಿಲ್ಲ. ಎನಿಮೋನ್‌ಗಳನ್ನು ಬೇಯಿಸಿ ರುಚಿ ನೋಡಿದ್ದೂ ಉಂಟು.

ಕಡಲ ಜೀವಿಗಳನ್ನು ಪಾತ್ರೆಯಲ್ಲಿಟ್ಟರೆ ಕೆಲವೇ ದಿನಗಳಲ್ಲಿ ನೀರು ಕೆಟ್ಟು ಅವು ಸಾಯುತ್ತಿದ್ದವು. ಇದು ಅಂದಿನ ದೊಡ್ಡ ತೊಡಕು. ಪರಿಹಾರ ಹುಡುಕಿದವರಲ್ಲಿ ಗಾಸ್ ಮೊದಲಿಗರೇನಲ್ಲ. ಫ್ರಾನ್ಸ್ ಮೂಲದ ಜಾನ್ ವಿಲ್‌ಪ್ರೂ ಪವರ್ ಎಂಬ ಮಹಿಳೆ 1830ರ ದಶಕದಲ್ಲೇ ಸಿಸಿಲಿಯಲ್ಲಿ ಗಾಜಿನ ತೊಟ್ಟಿಗಳನ್ನು ಮಾಡಿಸಿ ಕಡಲ ಜೀವಿಗಳನ್ನು ಅಧ್ಯಯನ ಮಾಡಿದ್ದರು. 1846ರಲ್ಲಿ ಆನಾ ಥಿನ್ ಎಂಬಾಕೆ ಟಾರ್ಕಿ ಕರಾವಳಿಯ ಹವಳಗಳನ್ನು ಲಂಡನ್ನಿಗೆ ಒಯ್ದು, ತೆರೆದ ಕಿಟಕಿಯ ಬಳಿ ನೀರನ್ನು ಪಾತ್ರೆಯಿಂದ ಪಾತ್ರೆಗೆ ಸುರಿಸುತ್ತಾ ಗಾಳಿ ಬೆರೆಯುವಂತೆ ಮಾಡಿ ಬದುಕಿಸಿದ್ದರು. ಮರುವರ್ಷ ಕಡಲಕಳೆಯನ್ನೂ ಸೇರಿಸಿದರು. ರಸಾಯನ ವಿಜ್ಞಾನಿ ರಾಬರ್ಟ್ ವಾರಿಂಗ್ಟನ್ ಸಿಹಿನೀರಿನ ಮೀನು, ಜಲಸಸ್ಯ ಮತ್ತು ಬಸವನಹುಳುಗಳನ್ನು ಒಟ್ಟಿಗೆ ಇಟ್ಟು, ನೀರು ಬದಲಿಸದೆಯೇ ಅವು ಬಾಳಬಲ್ಲವೆಂದು 1850ರಲ್ಲಿ ಪ್ರಕಟಿಸಿದರು.

ತತ್ವ ಸರಳ. ಪ್ರಾಣಿಗಳು ಆಮ್ಲಜನಕ ಸೇವಿಸಿ ಇಂಗಾಲದ ಡೈಆಕ್ಸೈಡ್ ಹೊರಬಿಡುತ್ತವೆ. ಬೆಳಕು ಬಿದ್ದಾಗ ಸಸ್ಯಗಳು ಅದನ್ನು ಹೀರಿ ಆಮ್ಲಜನಕ ಮರಳಿಸುತ್ತವೆ. ಕೊಳೆತದ್ದನ್ನು ಬಸವನಹುಳು ತಿಂದು ತೆಗೆಯುತ್ತದೆ. ಈ ಕೊಡುಕೊಳ್ಳುವಿಕೆ ಸಮತೋಲನದಲ್ಲಿದ್ದರೆ ನೀರು ಕೆಡುವುದಿಲ್ಲ. ಈ ತತ್ವವನ್ನು ಉಪ್ಪುನೀರಿಗೆ ಅಳವಡಿಸಿ, ನೂರಾರು ಜೀವಿಗಳ ಮೇಲೆ ಪ್ರಯೋಗಿಸಿ, ಯಾರು ಬೇಕಾದರೂ ಅನುಸರಿಸಬಹುದಾದ ವಿಧಾನವನ್ನಾಗಿ ರೂಪಿಸಿದ್ದು ಗಾಸ್ ಅವರ ಸಾಧನೆ.

ಅವರ ಕ್ರಮದಲ್ಲಿ ಮೊದಲ ಸ್ಥಾನ ಕಡಲಕಳೆಗೆ. ನೆಲದ ಗಿಡಗಳಂತೆ ಅದಕ್ಕೆ ಬೇರಿಲ್ಲ. ಕಲ್ಲಿಗೆ ಅಂಟಿಕೊಂಡಿರುತ್ತದೆ ಅಷ್ಟೆ. ಕಿತ್ತರೆ ಕೊಳೆಯುತ್ತದೆ. ಆದ್ದರಿಂದ ಸುತ್ತಿಗೆ ಮತ್ತು ಉಳಿಯಿಂದ ಬಂಡೆಯ ಚೂರಿನ ಸಮೇತ ಅದನ್ನು ಎಬ್ಬಿಸಿ ತರಬೇಕೆಂಬುದು ಅವರ ನಿಯಮ. ತೊಟ್ಟಿಗೆ ಮೊದಲು ಕಳೆಯನ್ನಿಟ್ಟು, ಕೆಲವು ದಿನ ಕಾದು, ನೀರು ತಿಳಿಯಾದ ಮೇಲೆ ಪ್ರಾಣಿಗಳನ್ನು ಬಿಡಬೇಕು. ಬೆಳಕು ಬೇಕು, ಆದರೆ ಅತಿಯಾದರೆ ಗಾಜಿನ ಮೇಲೆ ಹಸಿರು ಪಾಚಿ ಕಟ್ಟುತ್ತದೆ. ಅದನ್ನು ಮೇಯಲು ಪೆರಿವಿಂಕಲ್ ಎಂಬ ಪುಟ್ಟ ಕಡಲ ಬಸವನಹುಳುಗಳನ್ನು ಬಿಡಬೇಕು. ಸತ್ತ ಜೀವಿಯನ್ನು ತಕ್ಷಣ ತೆಗೆಯಬೇಕು. ನೀರು ಆವಿಯಾಗಿ ಇಳಿದಷ್ಟಕ್ಕೆ ಸಿಹಿನೀರನ್ನೇ ಸೇರಿಸಬೇಕು, ಏಕೆಂದರೆ ಉಪ್ಪು ಆವಿಯಾಗುವುದಿಲ್ಲ. ಇಂದಿನ ಹವ್ಯಾಸಿಗಳೂ ಮೊದಲು ಕಲಿಯುವ ಪಾಠಗಳಲ್ಲಿ ಇವುಗಳಲ್ಲಿ ಹಲವು ಸೇರಿವೆ.

ಕಡಲಿಂದ ದೂರವಿರುವವರ ಪಾಡೇನು? ಅದಕ್ಕೂ ಗಾಸ್ ದಾರಿ ತೋರಿದರು. ಅಡುಗೆ ಉಪ್ಪು, ಎಪ್ಸಮ್ ಉಪ್ಪು, ಮೆಗ್ನೀಸಿಯಂ ಕ್ಲೋರೈಡ್ ಮತ್ತು ಪೊಟ್ಯಾಸಿಯಂ ಕ್ಲೋರೈಡ್ ಬೆರೆಸಿ ಕೃತಕ ಕಡಲನೀರು ತಯಾರಿಸುವ ವಿಧಾನವನ್ನು 1854ರಲ್ಲಿ ಪ್ರಕಟಿಸಿದರು.

ಒಂದು ಪುಸ್ತಕ, ಒಂದು ಹುಚ್ಚು

1853ರ ಮೇ ತಿಂಗಳಲ್ಲಿ ಲಂಡನ್ನಿನ ರೀಜೆಂಟ್ಸ್ ಪಾರ್ಕ್ ಪ್ರಾಣಿಸಂಗ್ರಹಾಲಯದಲ್ಲಿ ಜಗತ್ತಿನ ಮೊದಲ ಸಾರ್ವಜನಿಕ ಅಕ್ವೇರಿಯಂ ತೆರೆಯಿತು. ವೇಮತ್ ಕರಾವಳಿಯಿಂದ ಅದಕ್ಕೆ ಜೀವಿಗಳನ್ನು ಸಂಗ್ರಹಿಸಿ ಕಳುಹಿಸಿದವರಲ್ಲಿ ಗಾಸ್ ಪ್ರಮುಖರು. ಮರುವರ್ಷ ಅವರ ಪುಸ್ತಕ 'ದಿ ಅಕ್ವೇರಿಯಂ' ಹೊರಬಂತು. ಜಲಸಸ್ಯಗಳ ತೊಟ್ಟಿಗೆ ಸಸ್ಯಶಾಸ್ತ್ರಜ್ಞರು ಬಳಸುತ್ತಿದ್ದ ಪದವೊಂದನ್ನು ಇಂದಿನ ಅರ್ಥದಲ್ಲಿ ಜನಪ್ರಿಯಗೊಳಿಸಿದ್ದು ಈ ಪುಸ್ತಕವೇ. ಲೇಖಕರೇ ಬರೆದ ವರ್ಣಚಿತ್ರಗಳು ಓದುಗರ ಕಣ್ಣು ಕೋರೈಸಿದವು. 1855ರಲ್ಲಿ ಕೈಪಿಡಿಯೂ ಬಂತು. ಅದೇ ವರ್ಷ ಡೆವನ್ನಿನಲ್ಲಿ ಸಾರ್ವಜನಿಕರನ್ನು ಕಡಲತಡಿಗೆ ಕರೆದೊಯ್ದು ಪಾಠ ಹೇಳಿದರು. 1856ರಲ್ಲಿ ರಾಯಲ್ ಸೊಸೈಟಿಯ ಸದಸ್ಯತ್ವ ಒಲಿದು ಬಂತು.

ಕಾಲವೂ ಅನುಕೂಲವಾಗಿತ್ತು. 1845ರಲ್ಲಿ ಗಾಜಿನ ಮೇಲಿನ ತೆರಿಗೆ ರದ್ದಾಗಿ ಗಾಜು ಅಗ್ಗವಾಗಿತ್ತು. ರೈಲು ಜನರನ್ನು ಕರಾವಳಿಗೂ, ಕಡಲ ಜೀವಿಗಳನ್ನು ನಗರಕ್ಕೂ ಒಯ್ಯುತ್ತಿತ್ತು. ಲಂಡನ್ನಿನಲ್ಲಿ ವಿಲಿಯಂ ಆಲ್ಫರ್ಡ್ ಲಾಯ್ಡ್ ಅವರಂಥ ವ್ಯಾಪಾರಿಗಳು ತೊಟ್ಟಿ, ಕಡಲನೀರು, ಎನಿಮೋನ್ ಎಲ್ಲವನ್ನೂ ಮಾರತೊಡಗಿದರು. ಮಧ್ಯಮ ವರ್ಗದ ಮನೆಗಳ ಹಜಾರಗಳಲ್ಲಿ ಅಕ್ವೇರಿಯಂ ಇಡುವುದು ಪ್ರತಿಷ್ಠೆಯ ವಿಷಯವಾಯಿತು.

ಆದರೆ ಸಮತೋಲನ ಅಂದುಕೊಂಡಷ್ಟು ಸುಲಭವಾಗಿರಲಿಲ್ಲ. ಅವಸರದಲ್ಲಿ ಹೆಚ್ಚು ಜೀವಿಗಳನ್ನು ತುಂಬಿದವರ ತೊಟ್ಟಿಗಳು ಕೆಲವೇ ದಿನಗಳಲ್ಲಿ ನಾರುತ್ತಿದ್ದವು. ಸತ್ತವುಗಳ ಜಾಗಕ್ಕೆ ಮತ್ತೆ ಹೊಸ ಜೀವಿಗಳು ಬೇಕಾಗುತ್ತಿದ್ದವು. 1860ರ ದಶಕದಲ್ಲಿ ಈ ಹುಚ್ಚು ಇಳಿಯುವ ಹೊತ್ತಿಗೆ ಕರಾವಳಿ ಬೆಲೆ ತೆತ್ತಾಗಿತ್ತು.

ದುಃಖದ ವರ್ಷ

1857 ಗಾಸ್ ಅವರ ಪಾಲಿಗೆ ಕರಾಳ ವರ್ಷ. ಫೆಬ್ರವರಿಯಲ್ಲಿ ಎಮಿಲಿ ಸ್ತನ ಕ್ಯಾನ್ಸರಿಗೆ ಬಲಿಯಾದರು. ಅದೇ ವರ್ಷ ಪ್ರಕಟವಾದ 'ಓಂಫಲಸ್' ಎಂಬ ಗ್ರಂಥದಲ್ಲಿ ಅವರು ಬೈಬಲ್ಲಿನ ಸೃಷ್ಟಿಕಥೆಯನ್ನೂ ಭೂವಿಜ್ಞಾನವನ್ನೂ ಒಂದುಗೂಡಿಸಲು ಯತ್ನಿಸಿದರು. ದೇವರು ಜಗತ್ತನ್ನು ಸೃಷ್ಟಿಸುವಾಗಲೇ ಅದಕ್ಕೆ ಹಳೆಯ ಕಾಲದ ಗುರುತುಗಳನ್ನು, ಪಳೆಯುಳಿಕೆಗಳನ್ನೂ ಸೇರಿಸಿ, ಇಟ್ಟನೆಂಬುದು ಅವರ ವಾದ. ವಿಜ್ಞಾನಿಗಳು ನಕ್ಕರು, ಆಸ್ತಿಕರೂ ಒಪ್ಪಲಿಲ್ಲ. ಅವರ ಬರಹಗಳ ಅಭಿಮಾನಿಯಾಗಿದ್ದ ಲೇಖಕ ಚಾರ್ಲ್ಸ್ ಕಿಂಗ್ಸ್‌ಲಿ ಕೂಡ ಕೈಬಿಟ್ಟರು.

ಎಂಟು ವರ್ಷದ ಮಗನನ್ನು ಕರೆದುಕೊಂಡು ಗಾಸ್ ಟಾರ್ಕಿ ಸಮೀಪದ ಸೇಂಟ್ ಮೇರಿಚರ್ಚ್‌ಗೆ ಬಂದು ನೆಲೆಸಿದರು. ದುಃಖ, ಅವಮಾನಗಳ ನಡುವೆ ಮತ್ತೆ ಆಸರೆಯಾದದ್ದು ಕಡಲೇ. ತಂದೆ ಮಗ ನೀರಿಗಿಳಿದು ಬಂಡೆಗಳ ಅಡಿಯನ್ನು ಹುಡುಕುತ್ತಿದ್ದರು. ಬ್ರಿಟಿಷ್ ಎನಿಮೋನ್ ಮತ್ತು ಹವಳಗಳ ಬಗೆಗಿನ ಅವರ ಮಹತ್ವದ ಸಚಿತ್ರ ಗ್ರಂಥ 1858ರಿಂದ 1860ರ ನಡುವೆ ರೂಪುಗೊಂಡದ್ದು ಹೀಗೆ. 1860ರಲ್ಲಿ ಎಲೈಜಾ ಬ್ರೈಟ್‌ವೆನ್ ಅವರನ್ನು ವಿವಾಹವಾದರು. ಮುಂದಿನ ವರ್ಷಗಳಲ್ಲಿ ಆರ್ಕಿಡ್ ಬೆಳೆದರು, ನಕ್ಷತ್ರ ನೋಡಿದರು, ರೋಟಿಫರ್ ಎಂಬ ಸೂಕ್ಷ್ಮಜೀವಿಗಳನ್ನು ಅಭ್ಯಸಿಸಿದರು. 1888ರ ಆಗಸ್ಟ್ 23ರಂದು, 78ನೇ ವಯಸ್ಸಿನಲ್ಲಿ, ಕೊನೆಯುಸಿರೆಳೆದರು.

ಕಲ್ಲಿನೊಳಗಿದ್ದ ಗುಟ್ಟು

ಗಾಸ್ ಅವರಿಗೆ ತಿಳಿಯದೇ ಹೋದ ಸಂಗತಿಯೊಂದಿತ್ತು. ತೊಟ್ಟಿಯ ನೀರನ್ನು ಕಾಯುವುದು ಕೇವಲ ಸಸ್ಯಗಳ ಆಮ್ಲಜನಕವಲ್ಲ. ಪ್ರಾಣಿಗಳ ವಿಸರ್ಜನೆಯಿಂದ ವಿಷಕಾರಿ ಅಮೋನಿಯಾ ಹುಟ್ಟುತ್ತದೆ. ಬಂಡೆ, ಮರಳುಗಳ ಮೇಲೆ ನೆಲೆಸಿದ ಬ್ಯಾಕ್ಟೀರಿಯಾಗಳು ಅದನ್ನು ನೈಟ್ರೈಟ್ ಆಗಿ, ಬಳಿಕ ನೈಟ್ರೇಟ್ ಆಗಿ ಮಾರ್ಪಡಿಸುತ್ತವೆ. ಆಮ್ಲಜನಕ ಸುಳಿಯದ ಕಲ್ಲಿನ ಒಳರಂಧ್ರಗಳಲ್ಲಿ ಬೇರೆ ಬ್ಯಾಕ್ಟೀರಿಯಾಗಳು ನೈಟ್ರೇಟನ್ನು ಸಾರಜನಕದ ಅನಿಲವಾಗಿಸಿ ಹೊರಗಟ್ಟುತ್ತವೆ. ಅಮೋನಿಯಾ ನೈಟ್ರೇಟ್ ಆಗುವುದು ಸೂಕ್ಷ್ಮಾಣುಗಳ ಕೆಲಸವೆಂದು ಫ್ರಾನ್ಸಿನ ಶ್ಲೋಸಿಂಗ್ ಮತ್ತು ಮುಂಟ್ಸ್ ತೋರಿಸಿದ್ದು 1877ರಲ್ಲಿ, ಅಕ್ವೇರಿಯಂ ಹುಚ್ಚು ತಣ್ಣಗಾದ ಮೇಲೆ.

ಕಳೆಯನ್ನು ಬಂಡೆಯ ಚೂರಿನ ಸಮೇತ ತರಬೇಕೆಂದು ಗಾಸ್ ಹಟ ಹಿಡಿದಾಗ, ಈ ಅಗೋಚರ ಕೆಲಸಗಾರರೂ ಜೊತೆಗೆ ಬರುತ್ತಿದ್ದರು. 1961ರಲ್ಲಿ ಇಂಡೊನೇಷ್ಯಾದ ಲೀ ಚಿನ್ ಎಂಗ್ ಜೀವಂತ ಬಂಡೆ, ಬೆಳಕು ಮತ್ತು ಗಾಳಿಗುಳ್ಳೆಗಳಿಂದಲೇ ಹವಳದ ತೊಟ್ಟಿಯನ್ನು ನಿರ್ವಹಿಸುವ ನೈಸರ್ಗಿಕ ವಿಧಾನವನ್ನು ಪ್ರಕಟಿಸಿದಾಗ, ಶತಮಾನದ ಹಿಂದಿನ ಆ ಹಟಕ್ಕೆ ಹೊಸ ಅರ್ಥ ಬಂತು.

ಬರಿದಾದ ಹೊಂಡಗಳು

ತಂದೆಯ ಕೈಹಿಡಿದು ನೀರಿಗಿಳಿದಿದ್ದ ಎಡ್ಮಂಡ್ ಗಾಸ್ ಮುಂದೆ ಖ್ಯಾತ ಸಾಹಿತಿಯಾದರು. 1907ರಲ್ಲಿ ಪ್ರಕಟವಾದ ತಮ್ಮ ಆತ್ಮಕಥನದಲ್ಲಿ ಅವರು ಡೆವನ್ ಕರಾವಳಿಯ ನಾಶವನ್ನು ಮರುಕದಿಂದ ದಾಖಲಿಸಿದ್ದಾರೆ. ತಾವು ಬಾಲ್ಯದಲ್ಲಿ ಕಂಡ, ಜೀವಸಂಕುಲದಿಂದ ತುಂಬಿದ ಹೊಂಡಗಳು ಸಂಗ್ರಹಕಾರರ ದಂಡಿಗೆ ಸಿಕ್ಕಿ ಬರಿದಾದವು ಎಂಬುದು ಅವರ ಅಳಲು. ತಮ್ಮ ಪುಸ್ತಕಗಳ ಜನಪ್ರಿಯತೆಯೇ ಈ ಅನಾಹುತಕ್ಕೆ ಕಾರಣವೆಂಬುದು ತಂದೆಗೂ ಅರಿವಾಗಿ, ಅವರನ್ನು ಬಹಳ ನೋಯಿಸಿತೆಂದೂ ಅವರು ಬರೆದಿದ್ದಾರೆ.

ಕಡಲಿನ ಒಂದು ತುಣುಕನ್ನು ಮನೆಯಲ್ಲಿಟ್ಟು ನೋಡಿದರೆ ಜನ ಕಡಲನ್ನು ಗೌರವಿಸುತ್ತಾರೆ ಎಂದು ಗಾಸ್ ನಂಬಿದ್ದರು. ನಂಬಿಕೆ ಪೂರ್ತಿ ಸುಳ್ಳಾಗಲಿಲ್ಲ. ಹವಳ ಬೆಳೆಯುವ, ಬಾಡುವ ಬಗೆಯನ್ನು ಸಾಮಾನ್ಯರು ಕಣ್ಣಾರೆ ಕಂಡದ್ದು ಗಾಜಿನ ತೊಟ್ಟಿಗಳಿಂದಲೇ. ಆದರೆ ತೊಟ್ಟಿಯೊಳಗಿನ ಸಮತೋಲನಕ್ಕಾಗಿ ಹೊರಗಿನ ಸಮತೋಲನವನ್ನು ಕೆಡಿಸುವ ಅಪಾಯ ಅಂದಿನಷ್ಟೇ ಇಂದಿಗೂ ಇದೆ. ಅದಕ್ಕಾಗಿಯೇ ತುಂಡುಗಳಿಂದ ಸಾಕಿ ಬೆಳೆಸಿದ ಹವಳ, ಒಣ ಕಲ್ಲಿನ ಮೇಲೆ ಬ್ಯಾಕ್ಟೀರಿಯಾ ಬೆಳೆಸಿ ಸಿದ್ಧಪಡಿಸಿದ ಬಂಡೆಗಳತ್ತ ಅನೇಕ ಹವ್ಯಾಸಿಗಳು ಹೊರಳಿದ್ದಾರೆ. ಭಾರತದಲ್ಲಿ ಹವಳಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಿದ್ದು, ಕಡಲಿನಿಂದ ಅವನ್ನು ಕಿತ್ತು ತರುವುದು ಅಪರಾಧ. ಗಾಸ್ ಅವರ ಕಾಲದ ಡೆವನ್ ಹೊಂಡಗಳಿಗೆ ಅಂಥ ರಕ್ಷಣೆ ಇರಲಿಲ್ಲ.