ಸುಬ್ಬರಾವ್ ಮತ್ತು ನಮ್ಮ ರವಿವಾರದ ಕೋಳಿ

ನಮ್ಮ ಕನ್ನಡ ಸಂಘದಲ್ಲಿ ಅರ್ಧಕ್ಕರ್ಧ ಮಂದಿ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಕಡೆಯವರು. ರಜೆ ಮುಗಿಸಿ ಬಂದ ವಾರ ಹಾಸ್ಟೆಲ್‌ನಲ್ಲಿ ಒಂದು ಜಗಳ ಖಾಯಂ: ಊರಿನ ಜವಾರಿ ಕೋಳಿ ಮುಂದೆ ಮೆಸ್ಸಿನ ಫಾರಂ ಕೋಳಿ ಏನೈತಿ ಅಂತ. ಈ ಸಲ ಜಗಳ ರುಚಿ ಬಿಟ್ಟು ಔಷಧದ ಕಡೆ ಹೊರಳಿತು. ಫಾರಂ ಕೋಳಿಗೆ ಆಂಟಿಬಯಾಟಿಕ್ ಇಂಜೆಕ್ಷನ್ ಚುಚ್ಚಿ ದಪ್ಪ ಮಾಡ್ತಾರೆ ಅಂತ ಒಬ್ಬ, ಅದೆಲ್ಲ ವಾಟ್ಸಾಪ್ ಸುದ್ದಿ ಅಂತ ಇನ್ನೊಬ್ಬ. ಸಾವಿರಾರು ಕೋಳಿಗೆ ಯಾರೂ ಸೂಜಿ ಹಿಡಿದು ಕೂರೋದಿಲ್ಲ. ಔಷಧ ಹೋಗೋದು ಮೇವು ಮತ್ತು ನೀರಿನ ಮೂಲಕ. ಆದರೆ ಇದು ಶುರುವಾದದ್ದು ಎಲ್ಲಿ ಅಂತ ಹುಡುಕಿದಾಗ ನಮಗೆ ಸಿಕ್ಕಿದ್ದು ಡಾ. ಯಲ್ಲಾಪ್ರಗಡ ಸುಬ್ಬರಾವ್ ಅವರ ಕಥೆ.

1895ರ ಜನವರಿ 12ರಂದು ಆಂಧ್ರದ ಭೀಮವರದಲ್ಲಿ ಹುಟ್ಟಿದರು. ಬಡತನ. ಮೆಟ್ರಿಕ್ ಪಾಸಾದದ್ದು ಮೂರನೇ ಸಲಕ್ಕೆ. (ಬ್ಯಾಕ್‌ಲಾಗ್ ಇದ್ದವರು ಈ ಸಾಲನ್ನು ಇನ್ನೊಮ್ಮೆ ಓದಬಹುದು.) ಇಬ್ಬರು ಸಹೋದರರು ಎಂಟು ದಿನಗಳ ಅಂತರದಲ್ಲಿ ಸ್ಪ್ರೂ ಎಂಬ ಕರುಳಿನ ರೋಗದಿಂದ ತೀರಿಕೊಂಡರು. ಆಗ ಅದಕ್ಕೆ ಸರಿಯಾದ ಔಷಧವೇ ಇರಲಿಲ್ಲ. ಮದ್ರಾಸ್ ವೈದ್ಯಕೀಯ ಕಾಲೇಜಿನಲ್ಲಿ ಓದುವಾಗ ಗಾಂಧೀಜಿಯ ಪ್ರಭಾವದಿಂದ ಖಾದಿ ಉಟ್ಟು ಶಸ್ತ್ರಚಿಕಿತ್ಸೆ ವಿಭಾಗಕ್ಕೆ ಹೋದರು. ಬ್ರಿಟಿಷ್ ಪ್ರೊಫೆಸರ್‌ಗೆ ಅದು ಹಿಡಿಸಲಿಲ್ಲ. ಉಳಿದ ವಿಷಯಗಳಲ್ಲಿ ಚೆನ್ನಾಗಿ ಮಾಡಿದ್ದರೂ ಕೈಗೆ ಬಂದದ್ದು ಎಂಬಿಬಿಎಸ್ ಅಲ್ಲ, ಅದಕ್ಕಿಂತ ಕೆಳಗಿನ ಎಲ್‌ಎಂಎಸ್.

1920ರ ದಶಕದ ಆರಂಭದಲ್ಲಿ ಮಾವನ ಮನೆಯವರ ನೆರವಿನಿಂದ ಬಾಸ್ಟನ್‌ಗೆ ಹೋದರು. ಹೊಟ್ಟೆಪಾಡಿಗೆ ಆಸ್ಪತ್ರೆಯಲ್ಲಿ ರಾತ್ರಿ ಪಾಳಿಯ ಕೆಲಸ, ರೋಗಿಗಳ ಮಲಮೂತ್ರದ ಪಾತ್ರೆ ಎತ್ತಿ ತೊಳೆಯೋದು. ಊರಲ್ಲಿ ಹುಟ್ಟಿದ ಮಗು ಚಿಕ್ಕಂದಿನಲ್ಲೇ ಸತ್ತಿತು. ಅಪ್ಪ ಅದರ ಮುಖ ನೋಡಲೇ ಇಲ್ಲ. ಹೆಂಡತಿ ಶೇಷಗಿರಿಯವರನ್ನೂ ಆಮೇಲೆ ಒಮ್ಮೆಯೂ ನೋಡಲಿಲ್ಲ. ಹಾರ್ವರ್ಡ್‌ನಲ್ಲಿ ಸೈರಸ್ ಫಿಸ್ಕೆ ಜೊತೆ ಸೇರಿ ರಂಜಕ ಅಳೆಯುವ ವಿಧಾನ ರೂಪಿಸಿದರು, 1925ರಲ್ಲಿ. ಅದು ಇವತ್ತಿಗೂ ಫಿಸ್ಕೆ–ಸುಬ್ಬರಾವ್ ವಿಧಾನ. ನಾವು ಪಿಯುಸಿ ಬಯಾಲಜಿಯಲ್ಲಿ ಉರು ಹೊಡೆದ ಎಟಿಪಿಯನ್ನು ಸ್ನಾಯುವಿನಲ್ಲಿ ಗುರುತಿಸಿದವರಲ್ಲಿ ಇವರೂ ಒಬ್ಬರು. ಇಷ್ಟಾದರೂ ಹಾರ್ವರ್ಡ್ ಕಾಯಂ ಕೆಲಸ ಕೊಡಲಿಲ್ಲ.

1940ರಲ್ಲಿ ಲೆಡರ್ಲೆ ಔಷಧ ಕಂಪನಿ ಸೇರಿ ಅಲ್ಲಿನ ಸಂಶೋಧನೆಯ ಮುಖ್ಯಸ್ಥರಾದರು. 1945ರ ಹೊತ್ತಿಗೆ ಅವರ ತಂಡ ಫೋಲಿಕ್ ಆಮ್ಲವನ್ನು ತಯಾರಿಸಿತು, ಅದರಿಂದ ಸ್ಪ್ರೂ ರೋಗಿಗಳು ಚೇತರಿಸಿಕೊಂಡರು. ಸಹೋದರರು ಸತ್ತು ಎಷ್ಟೋ ವರ್ಷಗಳಾಗಿದ್ದವು. ಆನೆಕಾಲು ರೋಗಕ್ಕೆ ನಮ್ಮಲ್ಲಿ ಈಗಲೂ ನುಂಗಿಸುವ ಡಿಇಸಿ ಮಾತ್ರೆಯೂ ಅವರ ತಂಡದ್ದೇ. ಅವರೇ ಬೆಂಬಲಿಸಿದ ಬೆಂಜಮಿನ್ ಡಗ್ಗರ್, ಎಪ್ಪತ್ತು ದಾಟಿದ ಸಸ್ಯವಿಜ್ಞಾನಿ, ಮಿಸೌರಿಯ ಹೊಲದ ಮಣ್ಣಿನಲ್ಲಿ ಬಂಗಾರ ಬಣ್ಣದ ಒಂದು ಸೂಕ್ಷ್ಮಜೀವಿ ಕಂಡರು. ಅದರಿಂದ ಬಂದದ್ದು ಆರಿಯೋಮೈಸಿನ್, ಅಂದರೆ ಕ್ಲೋರ್‌ಟೆಟ್ರಾಸೈಕ್ಲಿನ್. ಟೆಟ್ರಾಸೈಕ್ಲಿನ್ ಕುಟುಂಬದ ಮೊದಲನೆಯದು. 1948ರಲ್ಲಿ ಅದು ಲೋಕಕ್ಕೆ ಗೊತ್ತಾಯಿತು. ಅದೇ ವರ್ಷ ಆಗಸ್ಟ್‌ನಲ್ಲಿ ಸುಬ್ಬರಾವ್ ನಿದ್ದೆಯಲ್ಲೇ ತೀರಿಕೊಂಡರು. 53 ವರ್ಷ. (ನಮ್ಮ ರಾಮದುರ್ಗ ಸಂಸ್ಥಾನ ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದೂ ಆ ವರ್ಷವೇ.)

ಅವರು ಹೋದ ಕೆಲವೇ ತಿಂಗಳಿಗೆ ಅದೇ ಕಂಪನಿಯಲ್ಲಿ ಥಾಮಸ್ ಜೂಕ್ಸ್ ಮತ್ತು ರಾಬರ್ಟ್ ಸ್ಟೋಕ್‌ಸ್ಟಾಡ್ ಕೋಳಿಮರಿಗಳಿಗೆ ಅಗ್ಗದ ವಿಟಮಿನ್ ಬಿ12 ಹುಡುಕುತ್ತಿದ್ದರು. ಆರಿಯೋಮೈಸಿನ್ ತೆಗೆದ ಮೇಲೆ ಉಳಿಯುವ ಗಸಿಯನ್ನು ಮೇವಿಗೆ ಬೆರೆಸಿದರು. ಮರಿಗಳು ಬಿ12ರ ಲೆಕ್ಕಕ್ಕೂ ಮೀರಿ ಬೆಳೆದವು. ಕಾರಣ ಗಸಿಯಲ್ಲಿ ಉಳಿದಿದ್ದ ಔಷಧ. 1950ರಲ್ಲಿ ಸುದ್ದಿ ಹೊರಬಿತ್ತು, ಔಷಧ ಶೀಶೆಯಿಂದ ಮೇವಿನ ಚೀಲಕ್ಕೆ ಇಳಿಯಿತು. ಸುಬ್ಬರಾವ್ ಬದುಕಿದ್ದರೆ ಒಪ್ಪುತ್ತಿದ್ದರೋ ಬಿಡುತ್ತಿದ್ದರೋ, ನಾವು ಅವರ ಪರವಾಗಿ ಹೇಳೋಕೆ ಬರಲ್ಲ.

2014ರಲ್ಲಿ ದಿಲ್ಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ ದಿಲ್ಲಿ ಸುತ್ತಮುತ್ತಲಿನ 70 ಕೋಳಿ ಮಾಂಸದ ಮಾದರಿ ಪರೀಕ್ಷಿಸಿತು. ಶೇ. 40ರಲ್ಲಿ ಆಂಟಿಬಯಾಟಿಕ್ ಉಳಿಕೆ ಇತ್ತು. ಸಿಕ್ಕ ಔಷಧಗಳಲ್ಲಿ ಟೆಟ್ರಾಸೈಕ್ಲಿನ್‌ಗಳೂ ಇದ್ದವು.

ಹಾಗಂತ ಗಾಬರಿಗೆ ಮುನ್ನ ಒಂದು ಲೆಕ್ಕ ಹಾಕಿದೆವು, ಇಂಜಿನಿಯರಿಂಗ್ ಅಲ್ವಾ. ಕೋಳಿ ಮಾಂಸದಲ್ಲಿ ಟೆಟ್ರಾಸೈಕ್ಲಿನ್‌ಗೆ ಅಂತರರಾಷ್ಟ್ರೀಯ ಕೋಡೆಕ್ಸ್ ಮಿತಿ ಕಿಲೋಗೆ 200 ಮೈಕ್ರೋಗ್ರಾಂ. ಆ ಮಿತಿಯ ಮಾಂಸದಿಂದ ಒಂದು 250 ಮಿಲಿಗ್ರಾಂ ಮಾತ್ರೆಯಷ್ಟು ಔಷಧ ಹೊಟ್ಟೆಗೆ ಹೋಗಬೇಕಾದರೆ 1250 ಕಿಲೋ ತಿನ್ನಬೇಕು! ನಮ್ಮ ಮೆಸ್ಸಿನ ತುಂಡು ಗಾತ್ರಕ್ಕೆ ಏಳು ಜನ್ಮ ಸಾಲದು. ಹಾಗಾದರೆ ಚಿಂತೆ ಎಲ್ಲಿ? ಶೆಡ್ಡಿನಲ್ಲಿ. ದಿನಾ ಸ್ವಲ್ಪ ಸ್ವಲ್ಪ ಔಷಧ ತಿಂದ ಕೋಳಿಯ ಹೊಟ್ಟೆಯಲ್ಲಿ ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾ ಉಳಿದು ಹೆಚ್ಚುತ್ತವೆ. ಸುಬ್ಬರಾವ್ ಹಡಗಿಳಿದ ಬಾಸ್ಟನ್ ಹತ್ತಿರದ ಫಾರಂನಲ್ಲಿ ಸ್ಟುವರ್ಟ್ ಲೆವಿ ಇದನ್ನು ಪರೀಕ್ಷಿಸಿ 1976ರಲ್ಲಿ ಪ್ರಕಟಿಸಿದರು. ಟೆಟ್ರಾಸೈಕ್ಲಿನ್ ಮೇವು ತಿಂದ ಕೋಳಿಗಳಲ್ಲಿ ಅಂಥ ಬ್ಯಾಕ್ಟೀರಿಯಾ ಬೇಗ ಕಂಡವು, ಕೆಲವು ತಿಂಗಳಲ್ಲಿ ಫಾರಂ ಮನೆಯವರ ಕರುಳಲ್ಲೂ ಕಂಡವು. ಮಾಂಸದ ಉಳಿಕೆ ಶೆಡ್ಡಿನಲ್ಲಿ ಏನು ನಡೆದಿದೆ ಅನ್ನೋದರ ಸುಳಿವು.

ಯುರೋಪ್ 2006ರಿಂದ ಬೆಳವಣಿಗೆಗಾಗಿ ಆಂಟಿಬಯಾಟಿಕ್ ಕೊಡೋದನ್ನು ನಿಲ್ಲಿಸಿತು. ನಮ್ಮಲ್ಲಿ 2019ರಲ್ಲಿ ಕೊಲಿಸ್ಟಿನ್ ಅನ್ನು ಸಾಕುಪ್ರಾಣಿಗಳ ಮೇವಿನಿಂದ ಹೊರಗಿಟ್ಟರು; ಬೇರೆ ಮದ್ದು ನಾಟದ ರೋಗಿಗೆ ಕೊಡುವ ಕೊನೆಯ ಔಷಧಗಳಲ್ಲಿ ಅದೂ ಒಂದು. ರೋಗ ಬಂದ ಕೋಳಿಗೆ ಔಷಧ ಕೊಡೋದು ತಪ್ಪಲ್ಲ. ನಿಲ್ಲಿಸಿದ ಮೇಲೆ ಇಂತಿಷ್ಟು ದಿನ ಕಡಿಯಬಾರದು ಅಂತ ಲೆಕ್ಕ ಇರುತ್ತೆ. ಆದರೆ ಗುತ್ತಿಗೆ ಸಾಕಣೆಯಲ್ಲಿ ಮರಿ, ಮೇವು, ಔಷಧ ಮೂರೂ ಕಂಪನಿಯವು; ರೈತನದು ಶೆಡ್ಡು ಮತ್ತು ದುಡಿಮೆ. ಚೀಲದಲ್ಲಿ ಏನೈತಿ ಅಂತ ಅವನಿಗೆ ಯಾರು ಹೇಳ್ತಾರೆ?

ಬೈಲಹೊಂಗಲ ಹತ್ತಿರ ನಮ್ಮ ಗೆಳೆಯನೊಬ್ಬನ ಕಾಕಾನ ಶೆಡ್ಡು ಐತಿ. ದಸರಾ ರಜೆಗೆ ಅಲ್ಲಿಗೆ ಹೋಗಿ ಮೇವಿನ ಚೀಲದ ಚೀಟಿ ಓದಿ, ಫೋಟೋ ಹೊಡೆದುಕೊಂಡು ಬರ್ತೀವಿ. ಕಾಕಾ ಒಪ್ಪಿದ್ದಾರೆ, ಒಂದು ಷರತ್ತಿನ ಮೇಲೆ: ಅವರ ಮನೆ ಊಟಕ್ಕೆ ಮಾತ್ರ ಜವಾರಿ ಕೋಳಿ.