ಹೊಸ ದೆಹಲಿಯನ್ನು ನಂಬಿದ ಗುತ್ತಿಗೆದಾರ: ಸರ್ ಶೋಭಾ ಸಿಂಗ್

ಕನಾಟ್ ಪ್ಲೇಸಿನ ಕಂಬಸಾಲುಗಳ ನೆರಳಿನಲ್ಲಿ ಅಡ್ಡಾಡುವ ದೆಹಲಿ ಕನ್ನಡಿಗರಾದ ನಾವು, ಅವನ್ನು ಕಟ್ಟಿಸಿದವರನ್ನು ನೆನೆಯುವುದು ಅಪರೂಪ. ಅವರಲ್ಲಿ ಪ್ರಮುಖರು ಸರ್ ಶೋಭಾ ಸಿಂಗ್.

ಈಗ ಪಾಕಿಸ್ತಾನದಲ್ಲಿರುವ ಹಡಾಲಿ ಗ್ರಾಮದ ಈ ಸಿಖ್ ಕುಟುಂಬ ಕಾಲ್ಕಾ-ಶಿಮ್ಲಾ ರೈಲುಮಾರ್ಗದ ಗುತ್ತಿಗೆಯಲ್ಲಿ ಪಳಗಿತ್ತು. 1911ರ ಡಿಸೆಂಬರಿನಲ್ಲಿ ರಾಜಧಾನಿಯು ಕಲ್ಕತ್ತೆಯಿಂದ ದೆಹಲಿಗೆ ಬರುವುದೆಂದು ಘೋಷಣೆಯಾದ ಬಳಿಕ, ತಂದೆ ಸುಜಾನ್ ಸಿಂಗರೊಡನೆ ಶೋಭಾ ಸಿಂಗ್ ಇಲ್ಲಿಗೆ ಬಂದರು. ಸೌತ್ ಬ್ಲಾಕಿನ ಕಾಮಗಾರಿ ಅವರಿಗೆ ದೊರೆಯಿತು.

ಆದರೆ ಅವರ ಎದೆಗಾರಿಕೆ ಕಂಡದ್ದು ನಿವೇಶನಗಳ ಖರೀದಿಯಲ್ಲಿ. ಚದರ ಗಜಕ್ಕೆ ಎರಡು ರೂಪಾಯಿಯಷ್ಟು ಅಗ್ಗಕ್ಕೂ ಭೂಮಿ ಸಿಗುತ್ತಿದ್ದು, ಕೊಳ್ಳುವವರೇ ವಿರಳವಾಗಿದ್ದರೆಂದು ಅವರ ಪುತ್ರ, ಲೇಖಕ ಖುಷ್ವಂತ್ ಸಿಂಗ್ ಬರೆದಿದ್ದಾರೆ. ಬ್ಯಾಂಕಿನಲ್ಲಿ ಸಾಲದ ಅರ್ಜಿಗಳನ್ನು ಪರಿಶೀಲಿಸುವ ನಾವಾಗಿದ್ದರೆ ಅಂತಹ ಬಯಲನ್ನು ಅಡಮಾನಕ್ಕೆ ಒಪ್ಪುತ್ತಿದ್ದೆವೇ? ಸಂದೇಹವೇ ಸರಿ! ಶೋಭಾ ಸಿಂಗರು ಕೊಂಡರು. ರೀಗಲ್ ಕಟ್ಟಡವನ್ನು ಎಬ್ಬಿಸಿದರು. 1940ರ ದಶಕದಲ್ಲಿ ತಂದೆಯ ಹೆಸರಿನಲ್ಲಿ ಸುಜಾನ್ ಸಿಂಗ್ ಪಾರ್ಕ್ ವಸತಿ ಸಮುಚ್ಚಯ ತಲೆಯೆತ್ತಿತು. ಅರ್ಧ ದೆಹಲಿಯ ಒಡೆಯರೆಂದೇ ಜನ ಅವರನ್ನು ಗುರುತಿಸಿದರು.

ಈ ಏಳಿಗೆಗೆ ಒಂದು ಕರಿನೆರಳೂ ಉಂಟು. 1929ರ ಏಪ್ರಿಲ್ 8ರಂದು ಶಾಸನಸಭೆಯಲ್ಲಿ ಬಾಂಬ್ ಸಿಡಿದಾಗ ಅವರು ಪ್ರೇಕ್ಷಕರ ಗ್ಯಾಲರಿಯಲ್ಲಿದ್ದರು. ಭಗತ್ ಸಿಂಗ್ ಮತ್ತು ಬಟುಕೇಶ್ವರ ದತ್ತರನ್ನು ನ್ಯಾಯಾಲಯದಲ್ಲಿ ಗುರುತಿಸಿ ಸಾಕ್ಷಿ ನುಡಿದರು. ಭಗತ್ ಸಿಂಗರಿಗೆ ಗಲ್ಲುಶಿಕ್ಷೆಯಾದದ್ದು ಲಾಹೋರಿನ ಬೇರೆ ಮೊಕದ್ದಮೆಯಲ್ಲಿ ಎಂಬುದನ್ನು ನಾವು ಮರೆಯಬಾರದು. ಆದರೂ ಆ ಸಾಕ್ಷ್ಯವನ್ನು ಜನ ಕ್ಷಮಿಸಲಿಲ್ಲ. ಶೋಭಾ ಸಿಂಗರು 1978ರಲ್ಲಿ ತೀರಿಕೊಂಡರು. 2011ರಲ್ಲಿ ವಿಂಡ್ಸರ್ ಪ್ಲೇಸಿಗೆ ಅವರ ಹೆಸರಿಡುವ ಪ್ರಸ್ತಾಪ ಬಂದಾಗ ತೀವ್ರ ವಿರೋಧವೆದ್ದಿತು.