ಮತ್ತೆ ವಿದ್ಯಾರ್ಥಿಯಾದ ಎಲ್ಮ್‌ಹರ್ಸ್ಟ್

ಬೋಧನಾಭ್ಯಾಸದಲ್ಲಿ ನಾನು ಮಾಡಿದ ಒಂದು ಪಾಠ ಮಣ್ಣಿನ ಸವಕಳಿ. ಬಣ್ಣದ ಚಾರ್ಟು ಬರೆದಿದ್ದೆ, ತಟ್ಟೆಯಲ್ಲಿ ಮಣ್ಣು ಹಾಕಿ ನೀರು ಸುರಿದು ತೋರಿಸಿದ್ದೆ. ಮೌಲ್ಯಮಾಪನದ ಹಂತಕ್ಕೆ ಬರುವಾಗ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, ಆ ಮಳೆಗಾಲದಲ್ಲಿ ತಮ್ಮ ಹೊಲದ ಬದು ಒಡೆದು ಮೇಲ್ಮಣ್ಣೆಲ್ಲ ಹಳ್ಳಕ್ಕೆ ಹೋಯಿತೆಂದು ಹೇಳತೊಡಗಿದ. ಪಾಠಯೋಜನೆಯಲ್ಲಿ ಅದಕ್ಕೆ ಜಾಗವಿರಲಿಲ್ಲ, ಗಂಟೆ ಹೊಡೆಯಲು ಆರು ನಿಮಿಷ ಬಾಕಿ. ಅವನನ್ನು ಕೂರಿಸಿ ಪ್ರಶ್ನೆಗಳಿಗೆ ಹೋದೆ. ವೀಕ್ಷಣಾ ಹಾಳೆಯಲ್ಲಿ ಒಳ್ಳೆಯ ಅಂಕಗಳೇ ಬಂದವು. ವರ್ಷಗಳ ನಂತರ, ಪ್ರಶಿಕ್ಷಣಾರ್ಥಿಗಳಿಗೆ ಟಾಗೋರರ ಶಿಕ್ಷಣ ತತ್ವ ಪಾಠ ಮಾಡಲು ತಯಾರಿ ನಡೆಸುವಾಗ, ಲಿಯೊನಾರ್ಡ್ ಎಲ್ಮ್‌ಹರ್ಸ್ಟ್ ಅವರ ಬದುಕು ಕೈಗೆ ಸಿಕ್ಕಿತು. ಓದುತ್ತ ಓದುತ್ತ ಆ ಹುಡುಗನೇ ನೆನಪಾದ.

ನಮ್ಮ ಪಠ್ಯಗಳಲ್ಲಿ ಶಾಂತಿನಿಕೇತನಕ್ಕೆ ಪುಟಗಟ್ಟಲೆ ಜಾಗ, ಶ್ರೀನಿಕೇತನಕ್ಕೆ ಒಂದು ಸಾಲು. ಆ ಒಂದು ಸಾಲಿನ ಹಿಂದೆ ಇರುವವರು ಇವರು.

ಎಲ್ಮ್‌ಹರ್ಸ್ಟ್ ಹುಟ್ಟಿದ್ದು 1893ರಲ್ಲಿ, ಇಂಗ್ಲೆಂಡಿನ ಯಾರ್ಕ್‌ಷೈರ್‌ನಲ್ಲಿ. ತಂದೆ ಪಾದ್ರಿ, ಜಮೀನ್ದಾರರೂ ಹೌದು. ಮಗ ಕೇಂಬ್ರಿಜ್‌ನ ಟ್ರಿನಿಟಿ ಕಾಲೇಜಿನಲ್ಲಿ ಇತಿಹಾಸ ಓದಿದರು. ತಾವೂ ಪಾದ್ರಿಯಾಗಬೇಕೆಂಬುದು ಅವರ ಯೋಚನೆಯಾಗಿತ್ತು. ಅಷ್ಟರಲ್ಲಿ ಮೊದಲ ಮಹಾಯುದ್ಧ ಬಂತು. ದೇಹಸ್ಥಿತಿಯ ಕಾರಣದಿಂದ ಇವರನ್ನು ಸೈನ್ಯಕ್ಕೆ ಸೇರಿಸಿಕೊಳ್ಳಲಿಲ್ಲ. ಸೈನ್ಯಕ್ಕೆ ಹೋದ ಇಬ್ಬರು ಸಹೋದರರು ಮರಳಿ ಬರಲಿಲ್ಲ. 1915ರಲ್ಲಿ ವೈ.ಎಂ.ಸಿ.ಎ. ಕೆಲಸದ ಮೇಲೆ ಎಲ್ಮ್‌ಹರ್ಸ್ಟ್ ಭಾರತಕ್ಕೆ ಬಂದರು. ಪಾದ್ರಿಯಾಗುವ ಆಸೆ ಆ ವರ್ಷಗಳಲ್ಲೇ ಕರಗಿತು.

ಅವರ ದಾರಿ ತಿರುಗಿದ್ದು ಅಲಹಾಬಾದಿನಲ್ಲಿ. ಅಲ್ಲಿ ಸ್ಯಾಮ್ ಹಿಗ್ಗಿನ್‌ಬಾಟಮ್ ಎಂಬ ಮಿಷನರಿ ಕೃಷಿ ಶಾಲೆ ನಡೆಸುತ್ತಿದ್ದರು. ಇವರ ಕಥೆಯೂ ಸ್ವಾರಸ್ಯವೇ: ಕಾಲೇಜಿನಲ್ಲಿ ಅರ್ಥಶಾಸ್ತ್ರ ಪಾಠ ಹೇಳುತ್ತಿದ್ದವರು, ಸುತ್ತಲಿನ ಹಳ್ಳಿಗಳ ಬಡತನ ಕಂಡು, ನಡುವಯಸ್ಸಿನ ಹೊಸ್ತಿಲಲ್ಲಿ ಅಮೆರಿಕಕ್ಕೆ ಹೋಗಿ ಬೇಸಾಯ ಓದಿಕೊಂಡು ಬಂದಿದ್ದರು. ಹಳ್ಳಿಗೆ ಉಪಯೋಗಕ್ಕೆ ಬರಬೇಕೆಂದರೆ ಮೊದಲು ಕೃಷಿ ಕಲಿತು ಬಾ ಎಂಬುದೇ ಎಲ್ಮ್‌ಹರ್ಸ್ಟ್‌ಗೆ ಅವರು ತೋರಿಸಿದ ದಾರಿ. 1919ರಲ್ಲಿ, ಇಪ್ಪತ್ತಾರರ ವಯಸ್ಸಿನಲ್ಲಿ, ಕೇಂಬ್ರಿಜ್ ಪದವೀಧರರು ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಬೇಸಾಯದ ಮೊದಲ ಪಾಠಕ್ಕೆ ಕೂತರು.

ಕಾರ್ನೆಲ್‌ನಲ್ಲಿ ವಿದೇಶಿ ವಿದ್ಯಾರ್ಥಿಗಳ ಸಂಘವೊಂದು ಸಾಲದಲ್ಲಿ ಮುಳುಗಿತ್ತು. ಅದಕ್ಕೆ ಚಂದಾ ಎತ್ತಲು ಹೋದಾಗ ಡೊರೊಥಿ ಸ್ಟ್ರೈಟ್ ಎಂಬ ಶ್ರೀಮಂತ ವಿಧವೆಯ ಪರಿಚಯವಾಯಿತು. ಮುಂದೆ ಶ್ರೀನಿಕೇತನದ ಖರ್ಚನ್ನು ವರ್ಷವರ್ಷವೂ ಹೊತ್ತವರು ಅವರೇ. 1925ರಲ್ಲಿ ಇಬ್ಬರೂ ಮದುವೆಯಾದರು. 1921ರಲ್ಲಿ ನ್ಯೂಯಾರ್ಕಿನಲ್ಲಿ ಟಾಗೋರರ ಭೇಟಿಯಾಯಿತು. ಶಾಂತಿನಿಕೇತನದ ಸುತ್ತಲಿನ ಹಳ್ಳಿಗಳು ಏಕೆ ಸೊರಗುತ್ತಿವೆ ಎಂಬ ಚಿಂತೆ ಕವಿಯನ್ನು ಬಹುಕಾಲದಿಂದ ಕಾಡುತ್ತಿತ್ತು. ಮಗ ರಥೀಂದ್ರನಾಥರನ್ನು ಕೃಷಿ ಓದಲು ಅಮೆರಿಕಕ್ಕೆ ಕಳಿಸಿದ್ದರು, 1912ರಲ್ಲೇ ಸುರುಲ್ ಎಂಬ ಹಳ್ಳಿಯಲ್ಲಿ ಒಂದು ಹಳೆಯ ಬಂಗಲೆ ಕೊಂಡಿದ್ದರು. ಆ ಏಕೆಗೆ ಉತ್ತರ ಹುಡುಕಲು ಎಲ್ಮ್‌ಹರ್ಸ್ಟ್ ಅವರನ್ನು ಕರೆದರು.

1922ರ ಫೆಬ್ರವರಿ 6ರಂದು ಸುರುಲ್‌ನಲ್ಲಿ ಕೆಲಸ ಆರಂಭವಾಯಿತು. ಜೊತೆಗಿದ್ದವರು ಕೆಲವು ಅಧ್ಯಾಪಕರು, ಒಂದು ಸಣ್ಣ ವಿದ್ಯಾರ್ಥಿ ಗುಂಪು. ಯುವಕರು ಓದಿದ ಮನೆತನದವರು. ಮೊದಲ ಪಾಠ ಯಾವುದಿರಬಹುದು? ಬಿತ್ತನೆಯಲ್ಲ, ಗೊಬ್ಬರದ ರಾಸಾಯನಿಕ ಸೂತ್ರವೂ ಅಲ್ಲ. ಕಕ್ಕಸಿನ ಮಲವನ್ನು ಯಾರು ಎತ್ತಬೇಕೆಂಬ ಪ್ರಶ್ನೆ. ಬೇರೆ ಜಾತಿಯವರನ್ನು ಕರೆಸುವುದು ಎಲ್ಮ್‌ಹರ್ಸ್ಟ್‌ಗೆ ಒಪ್ಪಿಗೆಯಿರಲಿಲ್ಲ. ಹಾಗೆಂದು ಜಾತಿಪದ್ಧತಿಯ ಮೇಲೆ ಉಪನ್ಯಾಸವನ್ನೂ ಕೊಡಲಿಲ್ಲ. ತಾವೇ ಬಕೆಟ್ ಹಿಡಿದು, ತೋಟದಲ್ಲಿ ತೋಡಿದ ಕಂದಕಕ್ಕೆ ಸುರಿದು, ಮಣ್ಣು ಮುಚ್ಚಿದರು. ಹುಡುಗರು ಮೊದಲು ನೋಡುತ್ತ ನಿಂತರು, ಆಮೇಲೆ ಕೈ ಹಾಕಿದರು. ಮಣ್ಣಿನಿಂದ ಪಡೆದದ್ದು ಮಣ್ಣಿಗೆ ಮರಳಬೇಕೆಂಬ ಕೃಷಿಶಾಸ್ತ್ರದ ತಿರುಳು ಅದೇ ಕೆಲಸದಲ್ಲಿತ್ತು. ಪ್ರಾತ್ಯಕ್ಷಿಕೆ ವಿಧಾನ ಎಂದು ನಾವು ಪರೀಕ್ಷೆಗೆ ಬರೆಸುತ್ತೇವಲ್ಲ, ಅದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಹಳ್ಳಿಗರ ಬಾಗಿಲು ಅಷ್ಟು ಬೇಗ ತೆರೆಯಲಿಲ್ಲ. ಒಂದೆಡೆ ಮಲೇರಿಯ, ಇನ್ನೊಂದೆಡೆ ತರಕಾರಿ ತೋಟಕ್ಕೆ ನುಗ್ಗುವ ಕೋತಿಗಳು. ಎಲ್ಲಕ್ಕಿಂತ ದೊಡ್ಡದು ಜನ ಒಬ್ಬರನ್ನೊಬ್ಬರು ನಂಬದಿರುವುದು. ಹೊರಗಿನಿಂದ ಬಂದವರನ್ನು ನಂಬುವ ಮಾತಂತೂ ದೂರ. ಊರೂರು ತಿರುಗಿ ಜನರ ಜೊತೆ ಬೆರೆಯಬಲ್ಲ ಕಾಳಿಮೋಹನ ಘೋಷರು ಇಲ್ಲದಿದ್ದರೆ ಇಂಗ್ಲಿಷಿನವರ ಕೃಷಿ ಪದವಿ ಅಲ್ಲಿ ಹೆಚ್ಚು ನಡೆಯುತ್ತಿರಲಿಲ್ಲ ಎಂದೇ ನನ್ನ ಅನಿಸಿಕೆ. ಹಿರಿಯರ ಮನಸ್ಸು ಮುಟ್ಟಲು ಇವರು ಹಿಡಿದ ದಾರಿ ಹಳ್ಳಿಯ ಮಕ್ಕಳದು. ಮಕ್ಕಳ ದಳ ಕಟ್ಟಿದರು, ಆರೋಗ್ಯದ ಕೆಲಸ, ತೋಟದ ಕೆಲಸ ಅವರ ಕೈಯಿಂದಲೇ ಮನೆಮನೆಗೆ ಹೋಯಿತು.

ಅದೇ ವರ್ಷ ಕಲ್ಕತ್ತೆಯಲ್ಲಿ ಮಣ್ಣಿನ ಲೂಟಿಯ ಬಗ್ಗೆ ಎಲ್ಮ್‌ಹರ್ಸ್ಟ್ ಒಂದು ಉಪನ್ಯಾಸ ಕೊಟ್ಟರು, ಅಧ್ಯಕ್ಷತೆ ಟಾಗೋರರದು. ಹಳ್ಳಿಯ ಫಲವತ್ತು ಧಾನ್ಯವಾಗಿ ಪಟ್ಟಣಕ್ಕೆ ಹೋಗುತ್ತದೆ, ಬುದ್ಧಿವಂತ ಮಕ್ಕಳೂ ಪಟ್ಟಣಕ್ಕೆ ಹೋಗುತ್ತಾರೆ, ಎರಡಕ್ಕೂ ಬದಲಾಗಿ ಏನೂ ಮರಳುವುದಿಲ್ಲ ಎಂಬುದು ಅವರ ಚಿಂತನೆಯ ಸಾರ. ಆ ಲೂಟಿಯಲ್ಲಿ ಶಾಲೆಗೂ ಪಾಲಿದೆ ಎಂಬುದು ಓದುತ್ತಿದ್ದಂತೆ ನನಗೆ ಚುಚ್ಚಿತು. ಶಾಂತಿನಿಕೇತನದ ಸುತ್ತ ಮಳೆ ಕೊರೆದ ಕೆಂಪು ಕೊರಕಲುಗಳಿವೆ, ಅಲ್ಲಿಯ ಜನ ಖೋವಾಯಿ ಎನ್ನುತ್ತಾರೆ. ಸವಕಳಿಯ ಪಾಠಕ್ಕೆ ಅವರಿಗೆ ಚಾರ್ಟು ಬೇಕಿರಲಿಲ್ಲ.

1924ರಲ್ಲಿ ಶಿಕ್ಷಾ ಸತ್ರ ಹುಟ್ಟಿತು. ಶಾಂತಿನಿಕೇತನದ ಶಾಲೆಗೆ ಬರುತ್ತಿದ್ದವರು ಬಹುಪಾಲು ಅನುಕೂಲಸ್ಥರ ಮಕ್ಕಳು. ಇದು ಬಡ ಹಳ್ಳಿ ಮಕ್ಕಳಿಗಾಗಿ. ಅಡುಗೆ, ನೇಯ್ಗೆ, ಮಗುವಿನ ಹೆಸರಿನಲ್ಲೇ ಒಂದು ಪಾತಿ. ಪಾತಿಯ ಅಳತೆಯಿಂದ, ಬೀಜದ ಲೆಕ್ಕದಿಂದ ಗಣಿತ. ಇದರ ಉದ್ದೇಶ ವಿವರಿಸಿ ಎಲ್ಮ್‌ಹರ್ಸ್ಟ್ ಒಂದು ಕಿರುಹೊತ್ತಗೆ ಬರೆದರು. ಗಾಂಧೀಜಿಯವರ ಮೂಲಶಿಕ್ಷಣ ಯೋಜನೆ 1937ರದು ಎಂಬುದನ್ನು ಪ್ರಶಿಕ್ಷಣಾರ್ಥಿಗಳು ಇಲ್ಲಿ ಗಮನಿಸಬಹುದು.

ಸುರುಲ್‌ನಲ್ಲಿ ಅವರು ನೆಲೆಸಿದ್ದು ಬಹಳ ಕಾಲವಲ್ಲ. 1924ರಲ್ಲಿ ಟಾಗೋರರ ಜೊತೆ ಚೀನಾ, ಜಪಾನ್, ಅರ್ಜೆಂಟೀನ ಸುತ್ತಿದರು. 1925ರಲ್ಲಿ ಇಂಗ್ಲೆಂಡಿನ ಡೆವನ್‌ನಲ್ಲಿ ಡಾರ್ಟಿಂಗ್ಟನ್ ಹಾಲ್ ಎಂಬ ಪಾಳುಬಿದ್ದ ಎಸ್ಟೇಟು ಕೊಂಡು, ಅಲ್ಲಿ ಬೇಸಾಯವನ್ನೂ ಶಾಲೆಯನ್ನೂ ಒಟ್ಟಿಗೆ ಕಟ್ಟಿದರು. ಬೇರೆ ಬೇರೆ ದೇಶಗಳ ಕೃಷಿ ಅರ್ಥಶಾಸ್ತ್ರಜ್ಞರ ಮೊದಲ ಸಮ್ಮೇಳನ 1929ರಲ್ಲಿ ಸೇರಿದ್ದು ಅಲ್ಲೇ. 1943ರ ಭೀಕರ ಕ್ಷಾಮದ ಮರುವರ್ಷ ಕೃಷಿ ಸಲಹೆಗಾರರಾಗಿ ಮತ್ತೆ ಬಂಗಾಳಕ್ಕೆ ಬಂದರು. 1974ರಲ್ಲಿ ತೀರಿಕೊಂಡರು.

ನಮ್ಮ ವೀಕ್ಷಣಾ ಹಾಳೆಯಲ್ಲಿ ಪೂರ್ವಜ್ಞಾನದ ಪರೀಕ್ಷೆಗೆ ಅಂಕವಿದೆ, ಕಪ್ಪುಹಲಗೆಯ ಬಳಕೆಗೆ ಅಂಕವಿದೆ. ಮಗು ತನ್ನ ಹೊಲದಿಂದ ತಂದ ಮಾತನ್ನು ಶಿಕ್ಷಕರು ಏನು ಮಾಡಿದರು ಎಂದು ಬರೆಯಲು ಜಾಗವಿಲ್ಲ. ಈ ವರ್ಷದಿಂದ ಅದನ್ನು ನಾನು ಹಾಳೆಯ ಹಿಂಬದಿಯಲ್ಲಿ ಪೆನ್ಸಿಲಿನಲ್ಲಿ ಬರೆದುಕೊಡುತ್ತಿದ್ದೇನೆ.